ನಿರಿಗೆ ತಪ್ಪಿದ ಜಾಗ

ಪೆಟ್ಟಿಗೆ ಕದ್ದವಳು ಅದನ್ನು ಬಚ್ಚಿಟ್ಟಿರಲಿಲ್ಲ. ತನ್ನ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಇಟ್ಟುಕೊಂಡು ಕೂತಿದ್ದಳು. ಅಂಗಡಿಯ ಬಾಗಿಲು ಹಾರುಹೊಡೆದಿತ್ತು. ಪೆಟ್ಟಿಗೆಯಿಂದ ತೊಟ್ಟಿಕ್ಕಿದ ನದಿಯ ನೀರು ಮೇಜಿನ ಕೆಳಗಿದ್ದ ಚಿಂದಿಯನ್ನೆಲ್ಲ ತೋಯಿಸಿತ್ತು.

"ಇದೇ! ಇದೇ ನನ್ನ ಪೆಟ್ಟಿಗೆ!" ಡ್ರಾಯಿಂಗ್ ಮೇಷ್ಟ್ರು ಬಾಗಿಲಲ್ಲೇ ಕೂಗಿದರು. "ದಡದಲ್ಲಿ ಒಣಗಲಿಕ್ಕೆ ಇಟ್ಟು ಟೀ ಕುಡಿಯೋಕೆ ಹೋಗಿದ್ದೆ. ಬಂದು ನೋಡಿದರೆ ಮಾಯ. ಹಾಡಹಗಲೇ!"

ಇನ್ಸ್‌ಪೆಕ್ಟರ್ ಒಳಗೆ ಕಾಲಿಟ್ಟಳು. ಈ ಊರಿಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಅವಳ ಹಿಂದೆ ಹೆಡ್ ಕಾನ್‌ಸ್ಟೇಬಲ್ ಮೀಸೆ ಬಂದ. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿತ್ತು. ಹೆಸರು ಮಾತ್ರ ಹಾಗೇ ಉಳಿದಿತ್ತು.

ಇನ್ಸ್‌ಪೆಕ್ಟರ್ ಪೆಟ್ಟಿಗೆಯನ್ನು ನೋಡಿದಳು. ಎರಡೂ ತುದಿ ತೆರೆದ ಉದ್ದನೆಯ ಮರದ ದೋಣಿಯಂತಿತ್ತು. ತಳದಲ್ಲಿ ಏಣಿಯ ಮೆಟ್ಟಿಲಿನಂತೆ ಅಡ್ಡಪಟ್ಟಿಗಳು. ಹರಿಯುವ ನೀರಿನಲ್ಲಿ ಇದನ್ನಿಟ್ಟು ಮೇಲಿನ ತುದಿಯಲ್ಲಿ ಮರಳು ಸುರಿಯುತ್ತಾರೆ. ಹಗುರಾದದ್ದು ಕೊಚ್ಚಿಹೋಗುತ್ತದೆ. ಭಾರವಾದ ಚಿನ್ನ ಪಟ್ಟಿಗಳ ಹಿಂದೆ ನಿಲ್ಲುತ್ತದೆ, ಅದೃಷ್ಟವಿದ್ದರೆ. ಊರಿನ ನದಿಯಲ್ಲಿ ಚಿನ್ನದ ಹುಡಿ ಇತ್ತು. ಅದಕ್ಕಿಂತ ಹೆಚ್ಚಾಗಿ ಚಿನ್ನದ ಹುಚ್ಚಿತ್ತು. ನಿವೃತ್ತರಾದ ಮೇಲೆ ಮೇಷ್ಟ್ರಿಗೂ ಅದು ಹತ್ತಿತ್ತು.

"ನೀವೇ ತಂದಿದ್ದಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಹೌದು ಮೇಡಂ."

"ಯಾಕೆ?"

ಹೆಂಗಸು ತಲೆಯೆತ್ತಿದಳು. ಊರೆಲ್ಲ ಅವಳನ್ನು ಟೈಲರಕ್ಕ ಎನ್ನುತ್ತಿತ್ತು. ಕಣ್ಣುಗಳು ಕೆಂಪಾಗಿದ್ದವು. ಮುಖದಲ್ಲಿ ಮಾತ್ರ ಕಳ್ಳತನದ ಅಳುಕಿಲ್ಲ. ಹಬ್ಬದ ಹಿಂದಿನ ದಿನದ ಮಕ್ಕಳ ಮುಖದಲ್ಲಿ ಇರುತ್ತದಲ್ಲ, ಅಂಥ ಬೆಳಕು.

"ನಮ್ಮವರು ಬದುಕಿದ್ದಾರೆ ಮೇಡಂ. ಇದು ಅವರ ಕೆಲಸ."

ಮೀಸೆ ಇನ್ಸ್‌ಪೆಕ್ಟರ್ ಕಿವಿಯ ಬಳಿ ಬಗ್ಗಿದ. "ಇವರ ಯಜಮಾನ ಬಡಗಿ. ಮೂರು ಮಳೆಗಾಲದ ಹಿಂದೆ ನದಿಗೆ ಹೋದವನು ವಾಪಸ್ ಬರಲಿಲ್ಲ. ಅವತ್ತೇ ಸಂಜೆ ಪ್ರವಾಹ ಬಂತು. ದಡದಲ್ಲಿ ಟವೆಲ್ ಸಿಕ್ತು. ಹೆಣ ಸಿಗಲಿಲ್ಲ."

ಟೈಲರಕ್ಕನಿಗೆ ಕೇಳಿಸಿತು. ಅವಳು ಅದಕ್ಕೆ ಗಮನ ಕೊಡಲಿಲ್ಲ. ಪೆಟ್ಟಿಗೆಯ ಮೇಲಿನ ತುದಿಯನ್ನು ತೋರಿಸಿದಳು. ಅಲ್ಲಿ ಅಡ್ಡಪಟ್ಟಿಗಳ ಬದಲು ದಪ್ಪ ಕ್ಯಾನ್‌ವಾಸ್ ಬಟ್ಟೆ ಹಾಸಿತ್ತು. ಬಟ್ಟೆಯ ತುಂಬ ಸಣ್ಣ ಸಣ್ಣ ನಿರಿಗೆಗಳು.

"ಬಟ್ಟೆಗೆ ನಿರಿಗೆ ಹಿಡಿದು ಪೆಟ್ಟಿಗೆಗೆ ಹಾಸೋದು ಯಾರಿಗೂ ಗೊತ್ತಿರಲಿಲ್ಲ. ನನಗೂ ಅವರಿಗೂ ಬಿಟ್ಟು."

"ನಿಧಾನಕ್ಕೆ ಹೇಳಿ ಅಕ್ಕ."

"ಅವರ ಪೆಟ್ಟಿಗೇಲಿ ದಪ್ಪ ಕಾಳು ನಿಲ್ತಿತ್ತು. ಹುಡಿ ನಿಲ್ತಿರಲಿಲ್ಲ. ಹಿಟ್ಟಿನ ಥರ ನೀರಿನ ಜೊತೆ ಹೋಗಿಬಿಡೋದು. ಅದೇ ಅವರಿಗೆ ಕೊರಗು. ಆವತ್ತು ಬೆಳಗ್ಗೆ ನಾನು ಸ್ಕೂಲ್ ಯೂನಿಫಾರ್ಮಿನ ಸ್ಕರ್ಟ್ ಹೊಲೀತಿದ್ದೆ. ಗುರುತು ಹಾಕಿದ ಸೀಮೆಸುಣ್ಣದ ಪುಡಿ ನಿರಿಗೆಯೊಳಗೆ ಕೂತಿತ್ತು. ಎಷ್ಟು ಒದರಿದರೂ ಹೋಗ್ತಿರಲಿಲ್ಲ, ನಾನು ಗೊಣಗ್ತಿದ್ದೆ. ಅವರು ಪೆಟ್ಟಿಗೆ ಹೆಗಲಿಗೆ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದವರು ನೋಡ್ತಾ ನೋಡ್ತಾ ನಗೋಕೆ ಶುರು ಮಾಡಿದ್ರು. 'ಲೇ, ಇದೇ ಕಣೇ! ಇಂಥದ್ದೇ ಒಂದು ಹೊಲಿದುಕೊಡು, ಈಗಲೇ' ಅಂದ್ರು."

"ಹೊಲಿದುಕೊಟ್ರಾ?"

"ನಿಂತ ಕಾಲಲ್ಲಿ. ಇಲ್ಲಿ ನೋಡಿ." ಅವಳ ಬೆರಳು ನಿರಿಗೆಗಳ ಮೇಲೆ ಸರಿಯಿತು. ಐದು ನಿರಿಗೆ. ಆಮೇಲೆ ಒಂದು ಗೇಣು ಖಾಲಿ. ಆಮೇಲೆ ಮತ್ತೆ ಸಾಲಾಗಿ ನಿರಿಗೆ. "ಐದನೇದು ಹೊಲಿಯುವಾಗ ಸೂಜಿ ಮುರೀತು. ಕ್ಯಾನ್‌ವಾಸ್ ಅಲ್ವಾ. ಹೊಸ ಸೂಜಿ ಹಾಕೋದರೊಳಗೆ ಬಟ್ಟೆ ಜರುಗಿಬಿಟ್ಟಿತ್ತು. ಬಿಚ್ಚಿ ಹೊಲೀತೀನಿ ಅಂದೆ. 'ಇರಲಿ ಬಿಡೇ, ಚಿನ್ನಕ್ಕೇನು ಕಣ್ಣಿದೆಯಾ' ಅಂತ ಕಿತ್ಕೊಂಡು ಹೋದ್ರು."

ಇನ್ಸ್‌ಪೆಕ್ಟರ್ ಬಗ್ಗಿ ಹೊಲಿಗೆಯನ್ನು ನೋಡಿದಳು.

"ಈ ಬಟ್ಟೆ ನೀವು ಹೊಲಿದದ್ದೇನಾ?"

"ಅಲ್ಲ. ಇದು ಹುರಿದಾರದಲ್ಲಿ ಕೈಯಿಂದ ಹೊಲಿದದ್ದು. ಗಂಡಸಿನ ಕೈ. ಆದರೆ ನನ್ನ ಬಟ್ಟೆ ನೋಡಿದವರೇ ಹೊಲಿದದ್ದು. ಅದನ್ನ ನೋಡಿದವರು ಅವರೊಬ್ಬರೇ." ಅವಳು ಖಾಲಿ ಜಾಗದ ಮೇಲೆ ಅಂಗೈ ಇಟ್ಟಳು. "ಇದನ್ನ ನನಗೇ ಅಂತ ಬಿಟ್ಟಿದ್ದಾರೆ ಮೇಡಂ. ಎಲ್ಲಿ ಯಾವ ಕಷ್ಟದಲ್ಲಿದ್ದಾರೋ. ನಾನು ಕಂಡರೆ ಗುರುತು ಹಿಡೀಲಿ ಅಂತ."

ಇನ್ಸ್‌ಪೆಕ್ಟರ್ ಮೇಷ್ಟ್ರ ಕಡೆ ತಿರುಗಿದಳು. "ಈ ಬಟ್ಟೆ ಹಾಕಿಕೊಟ್ಟವರು ಯಾರು?"

ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. "ಅದೊಂದು ಕೇಳಬೇಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಟೈಲರಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ಮೇಷ್ಟ್ರು ಕಣ್ಣು ತಪ್ಪಿಸಿದರು. "ಪೆಟ್ಟಿಗೆ ಸದ್ಯಕ್ಕೆ ಇಲ್ಲೇ ಇರಲಿ ಬಿಡಿ. ದೂರು ಗೀರು ಏನೂ ಬೇಡ," ಎನ್ನುತ್ತ ಮೆಟ್ಟಿಲಿಳಿದು ಹೊರಟೇಬಿಟ್ಟರು.

\*\*\*

"ಮೇಡಂ, ಬದುಕಿರಬಹುದಾ?" ಜೀಪಿನಲ್ಲಿ ಮೀಸೆ ಕೇಳಿದ.

"ನಿಮಗೇನನ್ನಿಸುತ್ತೆ?"

"ಅವನ ತಮ್ಮ ನೋಡಿದೀನಿ ಅಂತಾನೆ. ಬಸ್ ಡ್ರೈವರು. ದೂರದ ಯಾವುದೋ ಊರಿನ ಬಸ್‌ಸ್ಟ್ಯಾಂಡಲ್ಲಿ ಅಣ್ಣನ ಥರಾನೇ ಒಬ್ಬ ಕಂಡ, ಕೂಗೋದರೊಳಗೆ ಜನರಲ್ಲಿ ಸೇರಿಹೋದ ಅಂತ ಹೇಳಿದ್ದ."

"ಆಗ ಬೇರೆ ಯಾರ ಹೇಳಿಕೆ ತಗೊಂಡಿದ್ರಿ?"

"ಪಂಪಣ್ಣಂದು. ಪಂಪು ರಿಪೇರಿ ಮಾಡ್ತಾನಲ್ಲ, ಅವನು. ಬಡಗಿಗೂ ಅವನಿಗೂ ಭಾರೀ ದೋಸ್ತಿ. ಇಬ್ಬರೂ ಒಟ್ಟಿಗೇ ಮರಳು ಜಾಲಿಸ್ತಿದ್ರು. ಆದರೆ ಆವತ್ತು ಅವನು ಊರಲ್ಲೇ ಇರಲಿಲ್ಲ. ಮೋಟಾರಿನ ಪಾರ್ಟು ತರೋಕೆ ಸಿಟಿಗೆ ಹೋಗಿದ್ದ. ಅಲ್ಲಿನ ಅಂಗಡಿಯವನೂ ಹೌದು ಅಂದ. ಆಮೇಲೆ ನಮ್ಮ ಜೊತೆ ನೀರಿಗಿಳಿದು ಹುಡುಕಿದವನು ಅವನೇ. ಮಗು ಥರ ಅತ್ತಿದ್ದ. ಇವತ್ತಿಗೂ ಟೈಲರಕ್ಕನ ಮನೆಯ ನಲ್ಲಿ, ಮೋಟಾರು ಏನೇ ಕೆಟ್ಟರೂ ಓಡಿಬರ್ತಾನೆ. ತಂಗಿ ಅಂತಾನೇ ಕರೆಯೋದು."

ಬಸ್ ಡಿಪೋದಲ್ಲಿ ತಮ್ಮ ಸಿಕ್ಕಿದ. ಟಯರಿಗೆ ಒರಗಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

"ಅಣ್ಣನನ್ನ ಯಾವ ಬಸ್‌ಸ್ಟ್ಯಾಂಡಲ್ಲಿ ನೋಡಿದ್ದು?"

ಅವನು ಊರಿನ ಹೆಸರು ಹೇಳಿದ.

"ಎಡಗಡೆ ನಿಂತಿದ್ನಾ, ಬಲಗಡೆ ನಿಂತಿದ್ನಾ? ಅಂಗಿ ಬಣ್ಣ ಯಾವುದು?"

ಡ್ರೈವರು ಟವೆಲಿನಲ್ಲಿ ಮುಖ ಹುದುಗಿಸಿದ.

"ನೋಡಿಲ್ಲ ಮೇಡಂ. ನಾನು ಯಾರನ್ನೂ ನೋಡಿಲ್ಲ. ಅತ್ತಿಗೆ ಅನ್ನ ನೀರು ಬಿಟ್ಟು ಮಲಗಿಬಿಟ್ಟಿದ್ರು. ಡಾಕ್ಟರು ಕೈಚೆಲ್ಲಿದ್ರು. ಬದುಕಿದ್ದಾನೆ ಅಂದ್ರೆ ಎದ್ದು ಊಟ ಮಾಡ್ತಾರೇನೋ ಅಂತ ಬಾಯಿಗೆ ಬಂದಿದ್ದು ಹೇಳಿದೆ. ಅವತ್ತೇ ಎದ್ದು ಕೂತ್ರು. ಆಮೇಲೆ ಸುಳ್ಳು ಅಂತ ಹೇಳೋಕೆ ನನ್ನಿಂದ ಆಗಲೇ ಇಲ್ಲ. ಈಗಲೂ ನನ್ನ ಬಸ್ಸು ಬಂದಾಗಲೆಲ್ಲ ಅಂಗಡಿಯಿಂದ ಎದ್ದು ಬಂದು ಕಿಟಕಿಗಳನ್ನ ಒಂದೊಂದಾಗಿ ನೋಡ್ತಾರೆ. ನಾನು ಬೇಕಂತಲೇ ಆ ಬೀದೀಲಿ ಜೋರಾಗಿ ಓಡಿಸಿಬಿಡ್ತೀನಿ."

ಇನ್ಸ್‌ಪೆಕ್ಟರ್ ಅವನನ್ನು ಬೈಯಲಿಲ್ಲ. ಬೈಯಲು ಬಾಯಿ ಬರಲಿಲ್ಲ.

ಇನ್ನು ಉಳಿದದ್ದು ಮೇಷ್ಟ್ರ ಬಾಯಿ ಮಾತ್ರ. ತನಿಖೆಯಲ್ಲಿ ಆಸೆಗೆ ಜಾಗವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಜೀಪು ನದಿಯ ಕಡೆ ತಿರುಗಿದಾಗ, ಆ ಬಡಗಿ ಎಲ್ಲಾದರೂ ತಲೆಮರೆಸಿಕೊಂಡು ಬದುಕಿರಲಿ ಎಂದು ಅವಳ ಮನಸ್ಸು ಬಯಸುತ್ತಿತ್ತು. ಸಾಲವೋ, ಜಗಳವೋ, ಇನ್ನೊಬ್ಬಳೋ. ಏನಾದರೂ ಆಗಲಿ, ಬದುಕಿರಲಿ.

\*\*\*

ಮೇಷ್ಟ್ರು ನದಿಯ ತಿರುವಿನಲ್ಲಿ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದರು. ಮುಂದೆ, ನೀರಿನಲ್ಲಿ, ಎರಡು ಸಾಲು ಕಲ್ಲು ಜೋಡಿಸಿ ಮಾಡಿದ ಸಣ್ಣ ಕಾಲುವೆ. ಪೆಟ್ಟಿಗೆ ಇಡುವ ಜಾಗ.

"ಪೆಟ್ಟಿಗೆ ಇಲ್ಲದೆ ಕೈಕಟ್ಟಿದ ಹಾಗಾಗಿದೆ," ಅಂದರು.

"ಅದನ್ನ ಇಡೋದೂ ಒಂದು ವಿದ್ಯೆನಾ ಮೇಷ್ಟ್ರೇ?"

ಅವರ ಮುಖ ಅರಳಿತು. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವರಂತೆ ಎದ್ದು ನಿಂತರು. "ಇಳಿಜಾರು ಹೆಚ್ಚಾದರೆ ನೀರು ಎಲ್ಲವನ್ನೂ ಎಳ್ಕೊಂಡು ಹೋಗುತ್ತೆ, ಚಿನ್ನಾನೂ ಸೇರಿ. ಕಮ್ಮಿಯಾದರೆ ಮರಳು ಪಟ್ಟಿಗಳ ನಡುವೆ ಗಚ್ಚಾಗಿ ಕೂತುಬಿಡುತ್ತೆ. ನೀರು ಪ್ರತಿ ಪಟ್ಟಿ ದಾಟುವಾಗಲೂ ಸಣ್ಣದಾಗಿ ಸುಳಿ ತಿರುಗಬೇಕು. ಆ ಸುಳೀಲಿ ಕರಿಮರಳು ಕುಣೀತಿದ್ದರೆ ಸರಿಯಾಗಿದೆ ಅಂತ ಅರ್ಥ. ಒಂದು ವರ್ಷ ಇದನ್ನೇ ತಿದ್ದಿದೆ. ಕಲ್ಲು ಇಟ್ಟೆ, ಕಲ್ಲು ತೆಗೆದೆ. ಹುಡಿ ಮಾತ್ರ ನಿಲ್ಲಲೇ ಇಲ್ಲ. ಬಿಟ್ಟುಬಿಡ್ತೀನಿ ಅಂತ ಒಬ್ಬರ ಹತ್ತಿರ ಅತ್ತುಕೊಂಡೆ. ಆಗ ಹೋದ ವಾರ..."

ತಟ್ಟನೆ ನಿಲ್ಲಿಸಿದರು.

"ಹೆಸರು ಹೇಳಬೇಡಿ ಮೇಷ್ಟ್ರೇ. ಒಂದೇ ಒಂದು ಮಾತು ಹೇಳಿ. ಆ ಬಟ್ಟೆ ಕೊಟ್ಟವನು ಟೈಲರಕ್ಕನ ಗಂಡನಾ? ಆಕೆ ಅಂಗಡಿ ಬಾಗಿಲಲ್ಲೇ ನಿಂತಿದ್ದಾರೆ. ನಾನು ವಾಪಸ್ ಹೋಗಿ ಹೌದು ಅಂತೀನೋ ಇಲ್ಲ ಅಂತೀನೋ ಅಂತ."

ಮೇಷ್ಟ್ರು ಎರಡೂ ಕೈ ಆಡಿಸಿದರು. "ಅಯ್ಯೋ, ನಾನು ಬಾಯಿ ಬಿಡದ್ದನ್ನ ಆಕೆ ಹೌದು ಅಂತ ತಿಳ್ಕೊಂಡಿದ್ದಾರಾ? ಇಲ್ಲಮ್ಮ, ಇಲ್ಲ. ಆ ಪುಣ್ಯಾತ್ಮನನ್ನ ಆ ಪ್ರವಾಹ ಬಂದಾಗಿನಿಂದ ನಾನು ಕಣ್ಣಲ್ಲೂ ಕಂಡಿಲ್ಲ." ಬಗ್ಗಿ ಕಾಲುವೆಯ ಒಂದು ಕಲ್ಲನ್ನು ಸರಿಸಿಟ್ಟರು. "ನನ್ನ ಮಾತಿಗಿಂತ ಆಕೆಯ ಆಸೆ ದೊಡ್ಡದು. ಹೇಳ್ತೀನಿ. ಪಂಪಣ್ಣ."

ಇನ್ಸ್‌ಪೆಕ್ಟರ್ ಎದೆಯೊಳಗೆ ಯಾರೋ ದೀಪ ಆರಿಸಿದ ಹಾಗಾಯಿತು.

\*\*\*

ಪಂಪಣ್ಣನ ಶೆಡ್ಡಿನಲ್ಲಿ ಗ್ರೀಸಿನ ವಾಸನೆ. ಹೊಟ್ಟೆ ಬಗೆದಿಟ್ಟ ಮೋಟಾರುಗಳು. ಹಿಂದೆ ಪಂಪುಗಳನ್ನು ಓಡಿಸಿ ನೋಡುವ ಸಿಮೆಂಟಿನ ತೊಟ್ಟಿ, ಅದರಿಂದ ಹೊರಡುವ ಅಗಲ ಕಾಲುವೆ. ಟೈಲರಕ್ಕನ ಅಂಗಡಿಯಿಂದ ತಾನೇ ಹೋಗಿ ತಂದ ಮೇಷ್ಟ್ರ ಪೆಟ್ಟಿಗೆಯನ್ನು ಮೀಸೆ ನೆಲದ ಮೇಲಿಟ್ಟ.

"ಓ, ಸಿಕ್ತಾ!" ಪಂಪಣ್ಣ ಕೈ ಒರೆಸಿಕೊಂಡು ಎದ್ದ. ದೊಡ್ಡ ಆಳು, ಮೃದುವಾದ ದನಿ. "ಯಾರು ಕದ್ದಿದ್ದು ಮೇಡಂ?"

"ಪೆಟ್ಟಿಗೆ ಸಿಕ್ತಲ್ಲ ಬಿಡಿ. ನಿಮ್ಮ ಸ್ನೇಹಿತ ಬಡಗಿಯ ಪೆಟ್ಟಿಗೆ ಮಾತ್ರ ಇವತ್ತಿಗೂ ಸಿಗಲಿಲ್ಲ, ಅಲ್ವಾ?"

ಅವನ ಮುಖ ಬಾಡಿತು. "ಎಲ್ಲಿ ಮೇಡಂ. ಆ ಪ್ರವಾಹದಲ್ಲಿ ಏನು ಉಳೀತದೆ."

"ಪೆಟ್ಟಿಗೆ ಚೂರು, ಬಟ್ಟೆ ಚೂರು, ಏನಾದರೂ ನಿಮ್ಮ ಕೈಗೆ ಸಿಕ್ಕಿತ್ತಾ?"

"ಒಂದು ಮೊಳೆ ಕೂಡ ಇಲ್ಲ."

"ಆವತ್ತು ಅವನನ್ನ ನೋಡಿದ್ರಾ?"

"ನಾನು ಊರಲ್ಲೇ ಇರಲಿಲ್ಲ. ಹಿಂದಿನ ಸಂಜೆ ನೋಡಿದ್ದೇ ಕೊನೆ."

"ಮೇಷ್ಟ್ರು ನಿಮ್ಮನ್ನ ಗುರು ಅಂತಾರೆ. ಈ ಬಟ್ಟೆ ನಿಮ್ಮ ಕೈಚಳಕ ಅಂತೆ. ನನಗೂ ಸ್ವಲ್ಪ ತೋರಿಸಿ."

"ಗುಟ್ಟು ಅಂದಿದ್ದೆ, ಮೇಷ್ಟ್ರು ಹೇಳಿಬಿಟ್ರಾ," ಎಂದು ಪಂಪಣ್ಣ ನಾಚಿಕೊಂಡ. ಹೊಗಳಿಕೆ ಅವನ ಕೆನ್ನೆಗೇರಿತ್ತು. ಪೆಟ್ಟಿಗೆ ಎತ್ತಿ ಕಾಲುವೆಯಲ್ಲಿಟ್ಟ. ಮೇಲಿನ ತುದಿಯ ಕೆಳಗೆ ಮರದ ಬೆಣೆ ಸಿಕ್ಕಿಸಿದ. "ಗೇಣಿಗೆ ಒಂದು ಬೆರಳು ಇಳಿಜಾರು. ಸಾಕು." ಪಂಪು ಚಾಲೂ ಮಾಡಿದ. ನೀರು ಪೆಟ್ಟಿಗೆಯೊಳಗೆ ನುಗ್ಗಿತು. ಒಂದು ಹಿಡಿ ಮರಳು ಬಿಟ್ಟ. ಕಣ್ಣೆದುರೇ ಬಿಳಿ ಮರಳು ಜಾರಿಹೋಯಿತು. ಕರಿಮರಳು ನಿರಿಗೆಗಳ ಬುಡದಲ್ಲಿ ಗೆರೆ ಎಳೆದಂತೆ ನಿಂತಿತು.

"ಭಲೇ. ಬಡಗಿ ಹೇಳಿಕೊಟ್ಟಿದ್ದಾ?"

"ಅವನಾ? ಅವನಿಗೆ ಅಡ್ಡಪಟ್ಟಿ ಬಿಟ್ಟು ಬೇರೆ ಗೊತ್ತೇ ಇರಲಿಲ್ಲ. ಇದು ನನ್ನದೇ ತಲೆ. ಅವನು ಹೋದ ಮೇಲೆ ಕೂತು ಯೋಚನೆ ಮಾಡಿ ಮಾಡಿದ್ದು."

"ನಡುವೆ ಖಾಲಿ ಬಿಟ್ಟಿದ್ದೀರಲ್ಲ, ಮರೆತುಹೋಯ್ತಾ?"

ಪಂಪಣ್ಣ ನಕ್ಕ. "ಅಲ್ಲೇ ಇರೋದು ಮೇಡಂ ಗುಟ್ಟು. ಐದು ನಿರಿಗೆ ದಾಟಿ ಬಂದ ನೀರು ಸುಸ್ತಾಗಿರುತ್ತೆ. ಗೇಣು ಜಾಗ ಕೊಟ್ಟರೆ ದಮ್ಮು ಎಳೆದುಕೊಂಡು ಮುಂದೆ ಹೋಗುತ್ತೆ. ಲೆಕ್ಕ ಹಾಕಿ ಬಿಟ್ಟಿರೋದು."

ಇನ್ಸ್‌ಪೆಕ್ಟರ್ ಬಗ್ಗಿ ಪಂಪು ನಿಲ್ಲಿಸಿದಳು.

"ಲೆಕ್ಕ ಅಲ್ಲ ಪಂಪಣ್ಣ. ಅಲ್ಲಿ ಸೂಜಿ ಮುರಿದಿತ್ತು."

"ಏನು?"

"ಟೈಲರಕ್ಕನ ಮೆಷಿನ್ನಿನ ಸೂಜಿ. ಬಟ್ಟೆ ಜರುಗಿತು. ಬಿಚ್ಚಿ ಹೊಲಿಯೋಕೆ ನಿಮ್ಮ ಸ್ನೇಹಿತ ಬಿಡಲಿಲ್ಲ. ಅವನು ಸತ್ತ ದಿನ ಬೆಳಗ್ಗೆ ನಡೆದದ್ದು ಇದು. ಅದಕ್ಕೆ ಮೊದಲು ಈ ಉಪಾಯವೇ ಇರಲಿಲ್ಲ. ಹಿಂದಿನ ಸಂಜೆ ನಿಮಗೆ ಹೇಳೋಕೆ ಅವನಿಗೇ ಗೊತ್ತಿರಲಿಲ್ಲ. ನಿರಿಗೆ ಹಿಡಿಯೋದು ಇನ್ನೊಬ್ಬರಿಗೆ ಹೊಳೆಯಬಹುದು, ಒಪ್ಪೋಣ. ಆದರೆ ಆಕೆಯ ತಪ್ಪು ನಿಮಗೆ ಹೇಗೆ ಹೊಳೀತು? ಐದೇ ನಿರಿಗೆ, ಗೇಣೇ ಜಾಗ?"

ಪಂಪಣ್ಣ ಪೆಟ್ಟಿಗೆಯಿಂದ ಕೈ ಹಿಂದೆಗೆದ.

"ಆ ಬಟ್ಟೆ ಮನೆಯಿಂದ ನೇರ ನದಿಗೆ ಹೋಯ್ತು. ವಾಪಸ್ ಬರಲಿಲ್ಲ. ಅದರ ಚೂರೂ ಸಿಗಲಿಲ್ಲ ಅಂತ ಈಗ ನೀವೇ ಹೇಳಿದ್ರಿ. ಅಂದರೆ ಅದನ್ನ ನೋಡೋಕೆ ಒಂದೇ ಜಾಗ, ಒಂದೇ ದಿನ. ನೀವು ಸಿಟಿಗೆ ಹೋಗಿದ್ದು ನಿಜ. ಬೇಗ ವಾಪಸ್ ಬಂದದ್ದನ್ನ ಯಾರಿಗೂ ಹೇಳಲಿಲ್ಲ. ಅಲ್ವಾ?"

ಪಂಪಣ್ಣ ತೊಟ್ಟಿಯ ಅಂಚಿನ ಮೇಲೆ ಕುಸಿದು ಕೂತ. ದೊಡ್ಡ ಕೈಗಳು ತೊಡೆಯ ಮೇಲೆ ಸತ್ತಂತೆ ಬಿದ್ದವು.

"ನಾನು ಬರುವಾಗ ಅವನೊಬ್ಬನೇ ನಗ್ತಿದ್ದ," ಎಂದ. "ನಿರಿಗೆ ತುಂಬ ಹಳದಿ. ಹೂವಿನ ಪರಾಗ ಮೆತ್ತಿಕೊಂಡ ಹಾಗೆ. ಅಷ್ಟು ವರ್ಷದಲ್ಲಿ ನಾವು ಅಂಥದ್ದು ಕಂಡಿರಲಿಲ್ಲ. ಅವನು ಬಟ್ಟೆ ಬಿಚ್ಚೋಕೆ ಶುರುಮಾಡಿದ. ತೊಳೆಯಲ್ಲ, ಹೀಗೇ ಮಡಚಿ ಮನೆಗೆ ಒಯ್ತೀನಿ, ಮೊದಲು ಅವಳಿಗೆ ತೋರಿಸಬೇಕು ಅಂದ. ನಾನು ಬೇಡ ಅಂದೆ. ಮೋಡ ಕಟ್ಟಿತ್ತು. ರಾತ್ರಿ ನೀರು ಬಂದರೆ ಈ ಜಾಗವೇ ಇರಲ್ಲ, ಇನ್ನೊಂದಷ್ಟು ಹಾಕೋಣ ಅಂದೆ. ಕೇಳಲಿಲ್ಲ. ನಾನು ಎಳೆದೆ. ಅವನೂ ಎಳೆದ. ಸಿಟ್ಟು ಬಂತು, ತಳ್ಳಿದೆ. ತಲೆ ಕಲ್ಲಿಗೆ ಹೊಡೀತು."

"ಆಮೇಲೆ?"

"ಕರೆದೆ. ಏಳಲಿಲ್ಲ."

"ಉಸಿರಿತ್ತಾ?"

ಪಂಪಣ್ಣ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಮೀಸೆ ಮುಖ ಆಚೆ ತಿರುಗಿಸಿದ.

"ಊರಿಗೆ ಓಡಿಬಂದಿದ್ದರೆ ಡಾಕ್ಟರು ಸಿಗ್ತಿದ್ರು," ಇನ್ಸ್‌ಪೆಕ್ಟರ್ ಅಂದಳು. "ಎಲ್ಲಿದ್ದಾನೆ?"

"ತಿರುವಿನ ಮೇಲ್ಗಡೆ, ಪ್ರವಾಹ ಮುಟ್ಟದ ಜಾಗದಲ್ಲಿ. ನಾವು ಜಾಲಿಸಿ ಎಸೆದ ಜಲ್ಲಿಯ ಗುಡ್ಡೆ ಇದೆಯಲ್ಲ. ಅದರ ಕೆಳಗೆ. ಪೆಟ್ಟಿಗೆ ಪ್ರವಾಹಕ್ಕೆ ಬಿಟ್ಟೆ. ಟವೆಲ್ ದಡದಲ್ಲಿಟ್ಟೆ. ಬಟ್ಟೆ ಮಾತ್ರ ಒಯ್ದೆ. ನೋಡಿಕೊಂಡು ಅದರ ಹಾಗೇ ಇನ್ನೊಂದು ಹೊಲಿದುಕೊಂಡು ಆಮೇಲೆ ಸುಟ್ಟೆ." ಅವನು ಕಣ್ಣೆತ್ತಿದ. "ತಂಗಿಗೆ ನೀವು ಹೇಳ್ತೀರಾ? ನಾನು ಹೇಳಲಾರೆ."

"ತಂಗಿ ಅನ್ನಬೇಡ," ಎಂದ ಮೀಸೆ, ಕೈಗೆ ಬೇಡಿ ತೊಡಿಸುತ್ತ.

\*\*\*

ಟೈಲರಕ್ಕ ಬಾಗಿಲಲ್ಲೇ ನಿಂತಿದ್ದಳು. ಜೀಪು ನಿಂತಿತು. ಇನ್ಸ್‌ಪೆಕ್ಟರ್ ಒಬ್ಬಳೇ ಇಳಿದಳು. ಹಿಂದಿನ ಸೀಟಿನಲ್ಲಿ ಬೇರೆ ಯಾರಾದರೂ ಇದ್ದಾರೇನೋ ಎಂದು ಟೈಲರಕ್ಕ ಒಮ್ಮೆ ಇಣುಕಿ ನೋಡಿದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಇನ್ಸ್‌ಪೆಕ್ಟರಿಗೆ ಕೈಕೊಟ್ಟವು. "ಬಟ್ಟೆ ಹೊಲಿದವನು ಪಂಪಣ್ಣ, ಅಕ್ಕ," ಎಂದಷ್ಟೇ ಹೇಳಿದಳು.

"ಪಂಪಣ್ಣನಾ? ಅವನಿಗೆ ಹೇಗೆ..." ಟೈಲರಕ್ಕನ ಮಾತು ಅಲ್ಲಿಗೇ ನಿಂತಿತು. ಅವಳೂ ಲೆಕ್ಕ ಹಾಕುತ್ತಿದ್ದಳು. ಅದೇ ಬೆಳಗು, ಅದೇ ಬಟ್ಟೆ, ಅದೇ ನದಿ. ಇನ್ಸ್‌ಪೆಕ್ಟರ್ ಹೋದ ದಾರಿಯಲ್ಲೇ ಅವಳೂ ಒಂದೊಂದು ಹೆಜ್ಜೆ ಇಟ್ಟು ಕೊನೆಗೆ ತಲುಪಿದ್ದು ಮುಖದಲ್ಲಿ ಕಂಡಿತು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಳಲಿಲ್ಲ.

"ಎಲ್ಲಿ?"

ಇನ್ಸ್‌ಪೆಕ್ಟರ್ ಹೇಳಿದಳು. ಕೊನೆಯಲ್ಲಿ, ಗಂಡ ಮೊದಲು ಅವಳಿಗೆ ತೋರಿಸಬೇಕು ಅಂದದ್ದನ್ನೂ ಹೇಳಿದಳು. ಅದನ್ನು ಹೇಳುವುದೋ ಬೇಡವೋ ಎಂದು ತುಂಬ ಯೋಚಿಸಿದ್ದಳು.

"ಹಾಗಾದ್ರೆ ಬಿಟ್ಟು ಹೋಗಿರಲಿಲ್ಲ," ಟೈಲರಕ್ಕ ತನಗೇ ಹೇಳಿಕೊಂಡಳು. "ಮನೆಗೆ ಬರ್ತಾ ಇದ್ರು."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಗ್ಗೆ ತಿರುವಿನಲ್ಲಿ ಗುಡ್ಡೆ ಅಗೆಯಲು ಶುರುಮಾಡಿದರು. ಗುದ್ದಲಿ ಬೇಡ, ಕೈಯಿಂದಲೇ ತೆಗೆಯಿರಿ ಎಂದಿದ್ದಳು ಇನ್ಸ್‌ಪೆಕ್ಟರ್. ಕೆಲಸದವರು ಜಲ್ಲಿಯನ್ನು ಬುಟ್ಟಿ ಬುಟ್ಟಿಯಾಗಿ ಎತ್ತಿ ಪಕ್ಕಕ್ಕೆ ಸುರಿದರು. ಬಸ್ಸಿಗೆ ರಜೆ ಹಾಕಿ ಬಂದಿದ್ದ ತಮ್ಮನೂ ಬುಟ್ಟಿ ಹಿಡಿದ. ಮೇಷ್ಟ್ರು ಬಂದು ದೂರದಲ್ಲಿ ಚಪ್ಪಲಿ ಕಳಚಿ ನಿಂತರು. ಬಿಸಿಲು ಏರಿದ ಮೇಲೆ ಒಬ್ಬ ಕೆಲಸದವನು ಕೈಯೆತ್ತಿದ. ಎಲ್ಲರೂ ನಿಂತರು. ಇನ್ಸ್‌ಪೆಕ್ಟರ್ ಮಂಡಿಯೂರಿ ನೋಡಿದಳು. ಇದ್ದದ್ದು ಮೂಳೆಗಳು.

ಆಗ ಟೈಲರಕ್ಕ ದಾರಿಯಲ್ಲಿ ಬಂದಳು. ಮೀಸೆ ತಡೆಯಲು ಹೋದ. ಇನ್ಸ್‌ಪೆಕ್ಟರ್ ಬೇಡವೆಂದು ತಲೆಯಾಡಿಸಿದಳು. ಟೈಲರಕ್ಕ ಹತ್ತಿರ ಬಂದು, ತಗ್ಗಿನೊಳಗೆ ನೋಡಿ, ಮೈದುನನ ಹೆಗಲ ಮೇಲೆ ಒಮ್ಮೆ ಕೈಯಿಟ್ಟಳು. ಆಮೇಲೆ ಕಂಕುಳಲ್ಲಿದ್ದ ಪೊಟ್ಟಣವನ್ನು ಇನ್ಸ್‌ಪೆಕ್ಟರ್ ಕೈಗಿಟ್ಟಳು. ಪೊಟ್ಟಣದಲ್ಲಿ ಹೊಸ ಅಂಗಿಯಿತ್ತು. ಬಿಳಿಯದು, ಇಸ್ತ್ರಿ ಮಾಡಿದ್ದು, ಇನ್ನೂ ಬೆಚ್ಚಗಿತ್ತು.

"ಕಾಲರ್ ಬಿಗಿಯಾದರೆ ರೇಗ್ತಿದ್ರು," ಅಂದಳು. "ಸ್ವಲ್ಪ ಸಡಿಲ ಇಟ್ಟಿದ್ದೀನಿ."

ಇನ್ಸ್‌ಪೆಕ್ಟರ್ ಅಂಗಿಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡಳು.